‘ಒದ್ದು’ ಎಂಬ ಶಬ್ದದ ಬಗ್ಗೆ ತಡವಾದ ವರದಿ

ಓದುವ ಮಹನೀಯರ ಸನ್ನಿಧಾನದಲ್ಲಿ ಮೊದಲು ಒಂದು ಅರಿಕೆ. ನನ್ನ ಕಾಗುಣಿತ ಭದ್ರವಾದದ್ದಲ್ಲ. ‘ಶ’ ಮತ್ತು ‘ಷ’ಗಳ ವಿಷಯದಲ್ಲಿ ನನಗೆ ಇಂದಿಗೂ ಧೈರ್ಯವಿಲ್ಲ; ಮಹಾಪ್ರಾಣಗಳು ಬೇಕಾದ ಕಡೆ ಬಿಟ್ಟುಹೋಗಿ, ಬೇಡವಾದ ಕಡೆ ಬಂದು ಕೂತಿರಬಹುದು. ಕೈಬರಹವೂ ಈಚೆಗೆ ಸಾಲು ಬಿಟ್ಟು ಕೆಳಕ್ಕೆ ಜಾರುತ್ತದೆ. ಇದುವರೆಗೆ ನಾನು ಬರೆದಿರುವುದೆಲ್ಲ ‘ಸದರಿ’ಯಿಂದ ಶುರುವಾಗಿ ‘ತಮ್ಮ ವಿಧೇಯ’ ಎಂಬಲ್ಲಿಗೆ ಮುಗಿಯುವ ಕಾಗದಗಳು. ಅಚ್ಚಾಗಬಹುದಾದದ್ದನ್ನು ಬರೆಯುತ್ತಿರುವುದು ಇದೇ ಮೊದಲು. ಆದುದರಿಂದ ತಪ್ಪುಗಳನ್ನು ಮನ್ನಿಸಿ, ವಿಷಯವನ್ನು ಮಾತ್ರ ಪರಾಂಬರಿಸಬೇಕಾಗಿ ಪ್ರಾರ್ಥನೆ.

ಬರೆಯುವುದಕ್ಕೆ ಕಾರಣ ಹೀಗಿದೆ. ಕಳೆದ ತಿಂಗಳು ಶಿವಮೊಗ್ಗದ ವಾಚನಾಲಯದ ಬೆಂಚಿನ ಮೇಲೆ ಇಬ್ಬರು ಗೃಹಸ್ಥರು ಪತ್ರಿಕೆ ಓದುತ್ತಿದ್ದರು. ಯಾವುದೋ ಊರಿನ ಗೋದಾಮಿನಲ್ಲಿ ಹಮಾಲಿಯೊಬ್ಬ ಮೂಟೆಗಳ ಕೆಳಗೆ ಸಿಕ್ಕಿ ಸತ್ತ ಸುದ್ದಿ ಅದರಲ್ಲಿ ಬಂದಿತ್ತು.

“ಹಿಂದಿನ ಆಳುಗಳು ಹಿಂಗಿರ್ಲಿಲ್ಲ ಬಿಡಿ. ಮೈಯೆಲ್ಲಾ ಎಚ್ಚರ ಇಟ್ಕೊಂಡು ಕೆಲಸ ಮಾಡೋರು” ಎಂದರು ಒಬ್ಬರು.

“ಅದೇ ಮತ್ತೆ. ಈಗಿನೋರಿಗೆ ಬೀಡಿ ಮೇಲೇ ಗ್ಯಾನ” ಎಂದರು ಇನ್ನೊಬ್ಬರು.

ಸದರಿ ಗೃಹಸ್ಥರಿಬ್ಬರೂ ತಮ್ಮ ಜೀವಮಾನದಲ್ಲಿ ಕೊಡೆಗಿಂತ ಭಾರವಾದ ವಸ್ತುವನ್ನು ಎತ್ತಿದವರ ಹಾಗೆ ಕಾಣಲಿಲ್ಲ. ನಾನು ಅಲ್ಲಿಂದ ಎದ್ದು ಬಂದೆ. ಎದುರಿಗೆ ಮಾತಾಡುವುದು ನನ್ನಿಂದ ಯಾವ ಕಾಲಕ್ಕೂ ಆಗಿಲ್ಲ. ಆದರೆ ಹಿಂದಿನ ಆಳುಗಳ ಎಚ್ಚರದ ಬಗ್ಗೆ ಮಾತಾಡುವ ಅಧಿಕಾರ ನನಗೆ ಸ್ವಲ್ಪ ಇದೆ. ಅವರ ಅಜಾಗರೂಕತೆಯನ್ನು ಪುಸ್ತಕದಲ್ಲಿ ಬರೆದಿಟ್ಟವನು ನಾನೇ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಕೆಲವು ವರ್ಷ ನಾನು ಭದ್ರಾವತಿಯಲ್ಲಿ, ರೈಲು ನಿಲ್ದಾಣದ ಹತ್ತಿರದ ಒಂದು ಖಾಸಗಿ ಗೋದಾಮಿನಲ್ಲಿ ಗುಮಾಸ್ತನಾಗಿದ್ದೆ. ಮುದುಕರು ಆಗಲೂ ಆ ಊರನ್ನು ಬೆಂಕೀಪುರವೆಂದೇ ಕರೆಯುತ್ತಿದ್ದರು. ಓಲ್ಡ್ ಟೌನ್‌ನಲ್ಲಿ ಒಂದು ಕೋಣೆ ಹಿಡಿದು, ಬೆಳಿಗ್ಗೆ ಸೇತುವೆ ದಾಟಿ ನಡೆದು ಬರುತ್ತಿದ್ದೆ. ಗೋದಾಮಿನ ಮಾಲೀಕರಾದ ಸಾಹುಕಾರರು ಶಿವಮೊಗ್ಗದಲ್ಲಿದ್ದರು. ಎರಕದ ಕಬ್ಬಿಣದ ಪೈಪುಗಳನ್ನು ಕೊಂಡು, ಈ ಗೋದಾಮಿನಲ್ಲಿ ಪೇರಿಸಿಟ್ಟು, ರೈಲಿಗೆ ಹಾಕಿ ದೂರದ ಊರುಗಳಿಗೆ ಕಳಿಸುವುದು ಅವರ ವ್ಯಾಪಾರ. ಅವರ ಪರವಾಗಿ ಗೋದಾಮನ್ನು ನಡೆಸಲು ಒಬ್ಬ ಏಜೆಂಟರಿದ್ದರು.

ಈ ಏಜೆಂಟರು ಜರಿಯ ಪೇಟ, ಮುಚ್ಚುಕೋಟು, ಜೇಬಿನಲ್ಲಿ ಸರಪಳಿ ಗಡಿಯಾರದ ಮನುಷ್ಯರು. ಪೈಪುಗಳಿದ್ದ ಅಂಗಳಕ್ಕೆ ಅವರು ಇಳಿದು ಬಂದದ್ದನ್ನು ನಾನು ಬೆರಳಲ್ಲಿ ಎಣಿಸಬಹುದು. ಧೂಳು ಅವರ ಗಂಟಲಿಗೆ ಆಗುತ್ತಿರಲಿಲ್ಲ. ‘ಎಚ್ಚರಿಕೆ’ ಎಂಬ ಅರ್ಥದ ಇಂಗ್ಲಿಷ್ ಬೋರ್ಡೊಂದನ್ನು ಅವರು ಬಹಳ ಆಸಕ್ತಿಯಿಂದ ಬರೆಸಿ ತರಿಸಿದ್ದರು. ಅಂಗಳದಲ್ಲಿ ಹಾಕಿದರೆ ಬಿಸಿಲಿಗೆ ಬಣ್ಣ ಹೋಗುವುದೆಂದು ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ಹೊಡೆಸಿದ್ದರು. ಹೀಗಾಗಿ ನಮ್ಮ ಗೋದಾಮಿನಲ್ಲಿ ಆ ಬೋರ್ಡಿನ ರಕ್ಷಣೆ ಇದ್ದದ್ದು ಏಜೆಂಟರ ಬೆನ್ನಿಗೆ ಮಾತ್ರ.

ನನ್ನ ಕೆಲಸ ಕಾಗದಪತ್ರ. ಅದರಲ್ಲಿ ಅಪಘಾತದ ಪುಸ್ತಕವೂ ಒಂದು. ಆಳಿಗೆ ಪೆಟ್ಟಾದರೆ ಆ ಪುಸ್ತಕದಲ್ಲಿ ಹೆಸರು, ಪೆಟ್ಟಿನ ವಿವರ, ಕಾರಣ ಇವಿಷ್ಟನ್ನು ಬರೆದು, ಅದರ ಶುದ್ಧಪ್ರತಿಯನ್ನು ಶಿವಮೊಗ್ಗದ ಸರ್ಕಾರಿ ಕಚೇರಿಗೆ ಕಳಿಸಬೇಕಾಗಿತ್ತು. ಕೆಲಸಕ್ಕೆ ಸೇರಿದ ವಾರದಲ್ಲೇ ಏಜೆಂಟರು ನನಗೆ ಒಂದು ವಾಕ್ಯವನ್ನು ಹೇಳಿ ಬರೆಸಿದರು: ‘ಸದರಿ ಆಳು ತನ್ನ ಸ್ವಂತ ಅಜಾಗರೂಕತೆಯಿಂದ ಪೆಟ್ಟು ಮಾಡಿಕೊಂಡಿರುತ್ತಾನೆ.’

“ಇದನ್ನ ಬಾಯಿಪಾಠ ಮಾಡ್ಕೊ. ಕಾರಣ ಅನ್ನೋ ಕಡೆ ಇದೇ ಬರಬೇಕು” ಎಂದರು.

“ಪ್ರತಿ ಸಲವೂ ಇದೇನಾ ಸ್ವಾಮಿ?”

“ಮತ್ತೇನು? ಒಂದೊಂದು ಸಲ ಒಂದೊಂದು ಥರ ಬರೆದ್ರೆ ಓದೋರಿಗೆ ಅನುಮಾನ ಬರುತ್ತಯ್ಯ.”

ಅಂದಿನಿಂದ ಆ ವಾಕ್ಯವನ್ನು ಬರೆದೆ. ಕಪ್ಪಿಯ ಸರಪಳಿ ತುಂಡಾಗಿ ಒಬ್ಬನ ಭುಜದ ಮೇಲೆ ಬಿತ್ತು, ಸ್ವಂತ ಅಜಾಗರೂಕತೆ. ಟ್ರಾಲಿಯ ಚಕ್ರ ಕಳಚಿ ಒಬ್ಬನ ಕೈ ಜಜ್ಜಿತು, ಸ್ವಂತ ಅಜಾಗರೂಕತೆ. ಒಂದು ಬೆಳಿಗ್ಗೆ ಹಾಜರಿ ಕೂಗುವ ಹೊತ್ತಿನಲ್ಲಿ, ಸಾಲಿನಲ್ಲಿ ನೆಟ್ಟಗೆ ನಿಂತಿದ್ದ ಮುದುಕ ಹಮಾಲಿಯ ತಲೆಯ ಮೇಲೆ ಮಾಡಿನ ಹೆಂಚು ಬಿತ್ತು. ಹೆಂಚನ್ನು ಬೀಳಿಸಿದ್ದು ಕೋತಿ. ಹತ್ತಾರು ಜನ ಕಣ್ಣಾರೆ ನೋಡಿದ್ದರು. ನಾನು ಒಳಗೆ ಹೋಗಿ, ಕೋತಿ ಎಂದು ಬರೆಯಲೇ ಎಂದು ಕೇಳಿದೆ.

“ಕೋತಿ ನಮ್ಮ ಆಳೇನಯ್ಯ?” ಎಂದು ಏಜೆಂಟರು ಕೇಳಿದರು. “ಪುಸ್ತಕ ಇರೋದು ಆಳುಗಳಿಗೆ.”

ಆ ಮುದುಕನೂ ತನ್ನ ಸ್ವಂತ ಅಜಾಗರೂಕತೆಯಿಂದ ಹೆಂಚಿನ ಕೆಳಗೆ ನಿಂತವನಾದ. ನಾನು ಅದನ್ನು ಬರೆದೆ. ಅಷ್ಟೇ ಅಲ್ಲದೆ ಅಂದವಾಗಿ ಬರೆದೆ. ‘ರೂ’ ಅಕ್ಷರದ ಕೊಂಬನ್ನು ಸ್ವಲ್ಪ ಬಾಗಿಸಿ ಎಳೆಯುವುದನ್ನು ರೂಢಿ ಮಾಡಿಕೊಂಡಿದ್ದೆ. ಏಜೆಂಟರನ್ನು ಹೀನಾಯವಾಗಿ ಕಾಣುವ ಹಕ್ಕು ನನಗೆ ಎಷ್ಟಿದೆಯೋ ಅಷ್ಟೇ ಹೀನಾಯಕ್ಕೆ ಆ ಕೊಂಬೂ ಅರ್ಹವೆಂಬುದನ್ನು ಇಲ್ಲಿಯೇ ದಾಖಲು ಮಾಡುತ್ತೇನೆ.

ಈಗ ಪ್ರಕೃತ ವಿಷಯಕ್ಕೆ ಬೇಕಾದಷ್ಟು ಕೆಲಸದ ರೀತಿಯನ್ನು ತಿಳಿಸಬೇಕು. ಪೈಪುಗಳನ್ನು ಎದೆಯೆತ್ತರದ ಕಲ್ಲಿನ ಕಟ್ಟೆಯ ಮೇಲೆ ಪೇರಿಸಿಡುತ್ತಿದ್ದರು. ಕಟ್ಟೆಯಿಂದ ನೆಲಕ್ಕೆ ಎರಡು ಮರದ ತೊಲೆಗಳನ್ನು ಇಳಿಜಾರಾಗಿ ಒರಗಿಸಿ, ಅವುಗಳ ಮೇಲೆ ಒಂದೊಂದೇ ಪೈಪನ್ನು ಉರುಳಿಸಿ ಕೆಳಗಿನ ಟ್ರಾಲಿಗೆ ಇಳಿಸಬೇಕು. ಮುಂದಿನ ಪೈಪು ತಾನಾಗಿ ಉರುಳದಂತೆ ಅದರ ಅಡಿಗೆ ಮರದ ಬೆಣೆ ಕೊಟ್ಟಿರುತ್ತಾರೆ. ಮೇಲೆ ನಿಂತವರು ಪೈಪಿಗೆ ಹಗ್ಗ ಸುತ್ತಿ ಬಿಗಿಯಾಗಿ ಹಿಡಿದ ಮೇಲೆ ಕೆಳಗಿನವನು ಬೆಣೆ ತೆಗೆಯುತ್ತಾನೆ. ಹಗ್ಗ ಸಡಿಲಿಸಿದಷ್ಟು ಪೈಪು ಇಳಿಯುತ್ತದೆ.

ಬೆಣೆ ತೆಗೆಯಲು ಉದ್ದನೆಯ ಕೊಕ್ಕೆ ಸರಳು ಇರಬೇಕು. ಪಕ್ಕದಲ್ಲಿ ದೂರ ನಿಂತು ಅದರಿಂದ ಎಳೆದರೆ ಪೈಪಿನ ದಾರಿಯಲ್ಲಿ ಯಾರೂ ಇರುವುದಿಲ್ಲ. ನಮ್ಮಲ್ಲಿದ್ದ ಒಂದೇ ಸರಳು ಎರಡು ವರ್ಷದ ಹಿಂದೆ ಮುರಿದಿತ್ತು. ಇನ್ನೊಂದು ಬೇಕೆಂದು ಕೇಳಿದಾಗ ಏಜೆಂಟರು, “ದೇವರು ಕಾಲು ಕೊಟ್ಟಿಲ್ವಾ?” ಎಂದಿದ್ದರು. ಕಬ್ಬಿಣದ ಊರಿನಲ್ಲಿ, ಕಬ್ಬಿಣದ ಗೋದಾಮಿನಲ್ಲಿ, ಒಂದು ಕಬ್ಬಿಣದ ಸರಳಿಗೆ ಗತಿ ಇರಲಿಲ್ಲ. ಆದುದರಿಂದ ಆಳುಗಳು ತೊಲೆಯ ಮೇಲೆ ಹತ್ತಿ, ಪೈಪಿನ ಎದುರಿಗೇ ನಿಂತು ಹಿಮ್ಮಡಿಯಿಂದ ಬೆಣೆಯನ್ನು ಒದ್ದು, ತಕ್ಷಣ ಪಕ್ಕಕ್ಕೆ ಹಾರುತ್ತಿದ್ದರು. ಹಿಂದಿನ ವರ್ಷ ಹೀಗೆ ಹಾರುವಾಗ ಒಬ್ಬನ ಮೂರು ಕಾಲ್ಬೆರಳು ಹೋಗಿದ್ದವು. ಅದಕ್ಕೆ ಕಾರಣವೇನೆಂದು ಪುಸ್ತಕದಲ್ಲಿ ಬರೆದಿತ್ತೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ಒದೆಯುವುದಕ್ಕೆ ಅಪ್ಪಣೆ ಕೊಡುತ್ತಿದ್ದವನು ಮುಖ್ಯ ಹಮಾಲಿ. ಹಗ್ಗ ಬಿಗಿಯಾದದ್ದನ್ನು ನೋಡಿ ಅವನು “ಒದ್ದುಬಿಡು” ಎಂದು ಕೂಗುವನು. ದಿನಕ್ಕೆ ನೂರು ಸಲ ಕೂಗುವ ಮಾತು ಬಾಯಲ್ಲಿ ಸವೆಯುತ್ತದೆ. ‘ಬಿಡು’ ಎಂಬುದು ಎಂದೋ ಬಿದ್ದುಹೋಗಿ “ಒದ್ದು!” ಎಂಬುದಷ್ಟೇ ಉಳಿದಿತ್ತು.

ಇನ್ನು ಮೇಸ್ತ್ರಿ. ಅವರು ತೆಲುಗು ಸೀಮೆಯವರು, ಐವತ್ತು ದಾಟಿದ ಮನುಷ್ಯ. ರೈಲು ಡಬ್ಬಿಗೆ ಪೈಪು ತುಂಬುವ ಕಡೆ ಇರುತ್ತಿದ್ದರು. ಕನ್ನಡವನ್ನು ಚೆನ್ನಾಗಿಯೇ ಮಾತಾಡುತ್ತಿದ್ದರು. ಬೈಯುವಾಗ ಮಾತ್ರ ಸ್ವಂತ ಭಾಷೆಗೆ ಹೋಗುತ್ತಿದ್ದರು.

ಪೆಟ್ಟಾದವನು ಹೊಳಲೂರಿನ ಕಡೆಯ ಒಕ್ಕಲ ಮನೆಯವನು. ಇಪ್ಪತ್ತೈದು, ಇಪ್ಪತ್ತಾರು ವರ್ಷ. ಇದ್ದಿಲಿನ ಗಾಡಿ ಹೊಡೆದುಕೊಂಡು ಭದ್ರಾವತಿಗೆ ಬರುತ್ತಿದ್ದವನು, ಇಲ್ಲಿಯ ಗದ್ದಲ ಇಷ್ಟವಾಗಿ ಉಳಿದುಕೊಂಡ. ಹೆಂಡತಿಯನ್ನೂ ಕರೆತಂದು, ಗೋದಾಮಿನ ಹಿಂದೆ ಆಳುಗಳಿಗಾಗಿ ಕಟ್ಟಿಸಿದ್ದ ಸಾಲು ಕೋಣೆಗಳಲ್ಲಿ ಒಂದರಲ್ಲಿ ಸಂಸಾರ ಹೂಡಿದ್ದ. ಕೆಲಸವಿರುವವನಿಗೆ ಮಾತ್ರ ಕೋಣೆ ಎಂಬುದು ಅಲ್ಲಿಯ ನಿಯಮ. ಬಹಳ ನಗುವ ಆಸಾಮಿ. ಪೈಪಿನ ಒಳಕ್ಕೆ ಬಾಯಿಟ್ಟು “ಓಯ್ ಮಾರಾಯಾ, ಆಚೆ ಕಡೆ ಊಟ ಆಯ್ತಾ?” ಎಂದು ಕೂಗಿ ಉಳಿದವರನ್ನು ನಗಿಸುತ್ತಿದ್ದ. ಕೆಲಸಕ್ಕೆ ಸೇರಿ ಹನ್ನೆರಡು ದಿನವಾಗಿತ್ತು. ಯಾರೂ ಅವನಿಗೆ ಏನನ್ನೂ ಕಲಿಸಿರಲಿಲ್ಲ. ‘ನೋಡ್ತಾ ನೋಡ್ತಾ ಕಲೀತಾರೆ’ ಎಂಬುದು ಏಜೆಂಟರ ಸಿದ್ಧಾಂತ. ಅವರು ಮಾತ್ರ ಏನನ್ನೂ ನೋಡದೆ ಎಲ್ಲವನ್ನೂ ಕಲಿತಿದ್ದರು.

ಆ ದಿನ ಮುಖ್ಯ ಹಮಾಲಿ ತಂಗಿಯ ಮದುವೆಗೆಂದು ರಜೆಯಲ್ಲಿದ್ದ. ಹತ್ತು ಗಂಟೆಗೆ ರೈಲು ಡಬ್ಬಿ ಬಂದು ನಿಂತಿತು; ಮಧ್ಯಾಹ್ನದ ಒಳಗೆ ತುಂಬಿ ಕಳಿಸಬೇಕೆಂದು ಏಜೆಂಟರ ಅವಸರ. ಮೇಸ್ತ್ರಿ ಕಚೇರಿಯ ಬಾಗಿಲಿಗೆ ಬಂದು, “ಅವನಿಲ್ದೆ ಕಟ್ಟೆ ಹತ್ರ ಕೂಗೋರು ಯಾರು ಸ್ವಾಮಿ? ನಾಳೆ ಇಳಿಸಿದ್ರಾಗಲ್ವಾ?” ಎಂದು ಕೇಳಿದರು.

“ಕೂಗೋದಕ್ಕೆ ಪರೀಕ್ಷೆ ಪಾಸ್ ಮಾಡಬೇಕಾ? ನೀನೇ ಕೂಗು, ಹೋಗು” ಎಂದರು ಏಜೆಂಟರು.

ನನ್ನ ಮೇಜು ಕಿಟಕಿಯ ಹತ್ತಿರವಿತ್ತು. ಕಟ್ಟೆ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಮೊದಲ ಏಳೆಂಟು ಪೈಪುಗಳು ಸರಿಯಾಗಿಯೇ ಇಳಿದವು. ಮೇಸ್ತ್ರಿಯೂ ಮುಖ್ಯ ಹಮಾಲಿಯ ಹಾಗೆಯೇ “ಒದ್ದು!” ಎನ್ನುತ್ತಿದ್ದರು, ಹೊಳಲೂರಿನವನು ಒದ್ದು ಹಾರುತ್ತಿದ್ದ. ಆಮೇಲಿನ ಪೈಪಿಗೆ ಸುತ್ತಿದ ಹಗ್ಗ, ಮೇಲಿದ್ದವರ ಕೈಯಿಂದ ಜಾರಿ ಕಟ್ಟೆಯ ಹಿಂದಕ್ಕೆ ಬಿತ್ತು. ಮೇಸ್ತ್ರಿ ಅದನ್ನು ಕಂಡರು. ಕೈಯನ್ನು ಮೇಲೆತ್ತಿ, ಗಂಟಲು ಹರಿಯುವ ಹಾಗೆ, “ಒದ್ದು! ಒದ್ದು! ಒದ್ದು!” ಎಂದು ಕೂಗಿದರು.

ಅವನು ಒದ್ದ. ಹಗ್ಗವಿಲ್ಲದ ಪೈಪು ಒಂದೇ ಸಲಕ್ಕೆ ಉರುಳಿತು. ಅದರ ಹಿಂದಿನ ಎರಡು ಪೈಪುಗಳೂ ಬಂದವು. ಅವನಿಗೆ ಹಾರಲು ಸಮಯವಿರಲಿಲ್ಲ. ಬಲಗಾಲು ತೊಲೆಗೂ ಪೈಪಿಗೂ ನಡುವೆ ಸಿಕ್ಕಿತು. ಅವನು ಕೂಗಿದ್ದು ನನಗೆ ನೆನಪಿಲ್ಲ. ಪೈಪುಗಳು ಒಂದಕ್ಕೊಂದು ಬಡಿದು ಗಂಟೆಯ ಹಾಗೆ ಬಹಳ ಹೊತ್ತು ಮೊಳಗಿದ್ದು ನೆನಪಿದೆ.

ಏಜೆಂಟರು ಅಂದು ಅಂಗಳಕ್ಕೆ ಇಳಿದರು. ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡು ಬಂದು, ಅವರು ಮೊದಲು ಕೇಳಿದ್ದು ಹೀಗೆ: “ಪೈಪು ಎಷ್ಟು ಒಡೀತು?”

ಎರಕದ ಪೈಪು ಬಿದ್ದರೆ ಸೀಳುವುದು ನಿಜ. ಆದರೆ ಎಲ್ಲರೂ ಹಾರೆ ಹಾಕಿ ಪೈಪು ಎತ್ತುತ್ತಿದ್ದರು. ಅವನನ್ನು ಹಲಗೆಯ ಮೇಲೆ ಮಲಗಿಸಿ, ಸಿಕ್ಕಿದ ಬಾಡಿಗೆ ಮೋಟಾರಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದರು. ಮಾರನೆಯ ದಿನ ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಬೇಕಾಯಿತು.

ಏಜೆಂಟರು ಆ ಸಂಜೆಯೇ ಪುಸ್ತಕ ತೆಗೆಸಿದರು. ನಾನು ವಾಕ್ಯವನ್ನು ಬರೆದೆ. ಆಸ್ಪತ್ರೆಯ ಕಾಗದ ಬಂದ ಮೇಲೆ ಪೆಟ್ಟಿನ ವಿವರವನ್ನೂ ತುಂಬಿ ಶುದ್ಧಪ್ರತಿ ಕಳಿಸುವುದೆಂದಾಯಿತು. ಇದರ ಜೊತೆಗೇ ಇನ್ನೊಂದು ಅಪ್ಪಣೆಯೂ ಆಯಿತು: ಸ್ವಂತ ಅಜಾಗರೂಕತೆಯಿಂದ ಕಾಲು ಕಳೆದುಕೊಂಡ ಆಳನ್ನು ಇಟ್ಟುಕೊಳ್ಳಲು ಗೋದಾಮು ಛತ್ರವಲ್ಲ, ವರದಿ ಹೋದ ಕೂಡಲೇ ಅವನ ಹೆಸರು ತೆಗೆದು, ಹೆಂಡತಿಯಿಂದ ಕೋಣೆ ಬಿಡಿಸತಕ್ಕದ್ದು.

ಎರಡು ದಿನ ಬಿಟ್ಟು ಮೇಸ್ತ್ರಿ ನನ್ನ ಮೇಜಿನ ಹತ್ತಿರ ಬಂದು ನಿಂತರು. ಎರಡು ದಿನದಿಂದ ಊಟ ಮಾಡದವರ ಮುಖ.

“ಗುಮಾಸ್ತರೇ, ನಾನು ಒದಿ ಅನ್ಲಿಲ್ಲ.”

“ನಾನೇ ಕೇಳಿಸ್ಕೊಂಡೆನಲ್ಲ ಮೇಸ್ತ್ರಿ. ಮೂರು ಸಲ ಒದ್ದು ಅಂದ್ರಿ.”

“ಅಂದೆ. ಅದು ತೆಲುಗು ಒದ್ದು.” ಅವರು ಕುತ್ತಿಗೆ ಮುಟ್ಟಿಕೊಂಡು ಹೇಳಿದರು. “ನಮ್ಮಲ್ಲಿ ಒದ್ದು ಅಂದ್ರೆ ಬೇಡ ಅಂತ. ಬೇಡ, ಬೇಡ, ಬೇಡ ಅಂತ ಕೂಗಿದೆ. ಹಗ್ಗ ಜಾರಿದ್ದು ಕಂಡು ಎದೆ ಹಾರ್ತು ನೋಡಿ, ಕನ್ನಡ ಬಾಯಿಗೆ ಬರ್ಲಿಲ್ಲ.”

ನಾನು ಲೇಖನಿ ಕೆಳಗಿಟ್ಟೆ. ಆ ಅಂಗಳದಲ್ಲಿ ಬೇಡವೆನ್ನುವುದಕ್ಕೂ ಮಾಡೆನ್ನುವುದಕ್ಕೂ ಒಂದೇ ಶಬ್ದವಿತ್ತು. ಇಷ್ಟು ವರ್ಷ ಅದು ಯಾರಿಗೂ ತಿಳಿದಿರಲಿಲ್ಲ. ಕಿಟಕಿಯ ಹತ್ತಿರ ತಣ್ಣಗೆ ಕೂತಿದ್ದ ನನಗೇ ಅದು ಕನ್ನಡವಾಗಿ ಕೇಳಿಸಿದ ಮೇಲೆ, ಪೈಪಿನ ಎದುರಿಗೆ ಒಂದು ಕಾಲೆತ್ತಿ ನಿಂತವನಿಗೆ ಬೇರೆ ಹೇಗೆ ಕೇಳಿಸಬೇಕು?

ನಾನು ಅಪರೂಪಕ್ಕೆ ಧೈರ್ಯ ಮಾಡಿ ಏಜೆಂಟರ ಹತ್ತಿರ ಹೋಗಿ ವಿಷಯವನ್ನು ಅರಿಕೆ ಮಾಡಿದೆ. ಅವರು ಪೂರ್ತಿ ಕೇಳಿದರು. ಕೇಳಿ ನಕ್ಕರು. ಚಹಾ ಬಟ್ಟಲು ಅಲುಗುವಷ್ಟು ನಕ್ಕರು.

“ಭಲೇ! ತೆಲುಗು ಮೇಸ್ತ್ರಿ ಕೈಕೆಳಗೆ ಕೆಲಸಕ್ಕೆ ಬರೋನು ತೆಲುಗು ಕಲಿತು ಬರಬೇಕೋ ಬೇಡ್ವೋ? ಬರಕೊ: ಸದರಿ ಆಳು ತನ್ನ ಸ್ವಂತ ಅಜಾಗರೂಕತೆಯಿಂದ ತೆಲುಗು ಭಾಷೆಯನ್ನು ಕಲಿಯದೆ ಪೆಟ್ಟು ಮಾಡಿಕೊಂಡಿರುತ್ತಾನೆ.”

ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಅವರು ಹಾಗೆಯೇ ಹೇಳಿದರು. ನಾನು ಹಾಗೆಯೇ ಕರಡಿನಲ್ಲಿ ಬರೆದುಕೊಂಡೆ. ಆ ಏಜೆಂಟರಿಗೆ ತೆಲುಗಿನ ಒಂದಕ್ಷರ ಬರುತ್ತಿರಲಿಲ್ಲವೆಂಬುದನ್ನೂ ಇಲ್ಲಿ ಸೇರಿಸುತ್ತೇನೆ. ಆದರೆ ಅವರು ಕುರ್ಚಿಯಲ್ಲಿದ್ದುದರಿಂದ ಕಾಲಿಗೆ ಅಪಾಯವಿರಲಿಲ್ಲ.

ಆ ಭಾನುವಾರ ನಾನು ಶಿವಮೊಗ್ಗಕ್ಕೆ ಹೋಗಿ ಅವನನ್ನು ನೋಡಿದೆ. ಕಂಬಳಿ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಅರ್ಧಕ್ಕೆ ಚಪ್ಪಟೆಯಾಗಿತ್ತು. ಅವನು ನಗಲಿಲ್ಲ. ‘ಒದ್ದು’ ವಿಷಯ ಮೇಸ್ತ್ರಿ ಆಗಲೇ ಬಂದು ಹೇಳಿಹೋಗಿದ್ದರು.

“ಪಾಪ, ಕಾಲ್ ಹಿಡ್ಕೊಂಡು ಅತ್ರು ಸ್ವಾಮಿ ಅವ್ರು” ಎಂದ. “ಇರೋ ಕಾಲ್ನೇ ಹಿಡ್ಕೊಂಡ್ರು, ಸದ್ಯ.” ಆಮೇಲೆ ಕೇಳಿದ: “ಪುಸ್ತಕದಾಗೆ ನಂದೇ ತಪ್ಪು ಅಂತ ಬರೀತಾರಂತೆ, ಹೌದಾ? ಮೇಸ್ತ್ರಿ ಒದ್ದು ಅಂದ್ರು, ಒದ್ದೆ. ಒದೀದೆ ಸುಮ್ನೆ ನಿಂತಿದ್ರೆ ಅವತ್ತೇ ಕೆಲಸದಿಂದ ತೆಗೀತಿದ್ರಲ್ಲ ಸ್ವಾಮಿ?”

ನಾನು ‘ನೋಡೋಣ’ ಎಂದೆ. ಗುಮಾಸ್ತರು ಹೇಳುವ ಮಾತುಗಳಲ್ಲಿ ಇದರಷ್ಟು ಕೀಳಾದದ್ದು ಇನ್ನೊಂದಿಲ್ಲ.

ಮರುದಿನ ಅವನ ಹೆಂಡತಿ ಕಚೇರಿಯ ಮೆಟ್ಟಿಲ ಹತ್ತಿರ ಬಂದಳು. ಏಜೆಂಟರು ಊಟಕ್ಕೆ ಹೋಗಿದ್ದರು. ಗೇಟಿನ ಕಾವಲಿನ ಮುದುಕ ಊರಿಗೆ ಹೋಗುವವನಿದ್ದಾನೆ. ಅದು ಕೂತು ಮಾಡುವ ಕೆಲಸ. ತನ್ನ ಗಂಡನಿಗೆ ಅದನ್ನು ಕೊಟ್ಟರೆ ಕೋಣೆಯೂ ಉಳಿಯುತ್ತದೆ ಎಂಬುದು ಅವಳ ಕೋರಿಕೆ. ವರದಿಯಲ್ಲಿ ಸ್ವಂತ ತಪ್ಪೆಂದು ಬರೆದ ಮೇಲೆ ಅದು ಸಾಧ್ಯವಿಲ್ಲವೆಂದು ನಾನು ತಿಳಿಸಿದೆ.

“ಬರೆಯೋರು ಯಾರು?” ಎಂದು ಕೇಳಿದಳು.

“ಏಜೆಂಟರು ಹೇಳ್ತಾರಮ್ಮ. ನಾನು ಬರೀತೀನಿ.”

“ಹೋದ ವರ್ಷ ಬೆರಳು ಹೋದೋರಿಗೂ ನೀವೇ ಬರ್ದಿದ್ದಂತಲ್ಲ.” ಅವಳ ದನಿ ಏರಲಿಲ್ಲ. “ಕೊಕ್ಕೆ ಇಲ್ಲ ಅಂತ ಅವಾಗ ಒಂದು ಮಾತು ಬರ್ದಿದ್ರೆ, ಕೊಕ್ಕೆ ಬರ್ತಿತ್ತು. ಇವ್ರ ಕಾಲು ಇರ್ತಿತ್ತು. ಅಲ್ವಾ ಸ್ವಾಮಿ? ಅಕ್ಷರ ಬರದ ನಮಗೇ ಇಷ್ಟು ತಿಳೀತದೆ.”

ಅವಳು ಹೊರಟುಹೋದಳು. ಎದುರಿಗೆ ಅಪಘಾತದ ಪುಸ್ತಕವಿತ್ತು. ಹಿಂದಿನ ಹಾಳೆಗಳನ್ನು ತಿರುವಿ ನೋಡಿದೆ. ಒಂದೇ ವಾಕ್ಯ, ಒಂದೇ ಅಳತೆ, ಒಂದೇ ಬಾಗಿದ ಕೊಂಬು. ಒಬ್ಬ ಮನುಷ್ಯ ಬರೆದದ್ದೆಂದು ಅನ್ನಿಸಲೇ ಇಲ್ಲ. ಮರದ ಮೊಹರು ಒತ್ತಿದ ಹಾಗಿತ್ತು. ಇಷ್ಟು ದಿನ ಗೋದಾಮಿನವರು ಸಂಬಳ ಕೊಟ್ಟು ಇಟ್ಟುಕೊಂಡಿದ್ದ ಮೊಹರು ನಾನು.

ಪೆಟ್ಟಾದ ಒಂಬತ್ತನೆಯ ದಿನ ಆಸ್ಪತ್ರೆಯ ಕಾಗದ ಬಂತು. ಶುದ್ಧಪ್ರತಿ ಬರೆಯಲು ಅಪ್ಪಣೆಯಾಯಿತು. ನಾನು ಬರೆದೆ. ಎರಡು ಹಾಳೆ ಹಾಳಾದವು, ಮೂರನೆಯದು ನಿಂತಿತು. ಏಜೆಂಟರು ಶುದ್ಧಪ್ರತಿಗಳನ್ನು ಓದುವ ಪೈಕಿಯವರಲ್ಲ. ಹಾಳೆಯನ್ನು ತೋಳುದ್ದ ದೂರ ಹಿಡಿದು, ಅಂಚು ನೇರವಾಗಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿ, ಸಹಿ ಹಾಕುವರು. ಅಂದೂ ಹಾಗೆಯೇ ಮಾಡಿದರು. “ಅಕ್ಷರ ಮಾತ್ರ ಮುತ್ತು ಕಣಯ್ಯ” ಎಂದು ಮೆಚ್ಚಿಕೊಂಡರು. ಲಕೋಟೆಗೆ ಅಂಟು ಹಚ್ಚುವಾಗ ಮೇಜೆಲ್ಲ ಅಂಟಾಯಿತು. ಅಂಚೆಗೆ ಹಾಕಿ ಬಂದ ಮೇಲೆ ಮೂರು ವಾರ, ಬೀದಿಯಲ್ಲಿ ಅಂಚೆಯವನು ಕಂಡರೆ ಪಕ್ಕದ ಸಂದಿಗೆ ಹೋಗಿಬಿಡುತ್ತಿದ್ದೆ. ಈ ನಡುವೆ ಕೋಣೆ ಬಿಡಿಸುವ ಕೆಲಸವನ್ನೂ ನನಗೇ ವಹಿಸಿದ್ದರು. ‘ಕಚೇರಿಯ ಉತ್ತರ ಬರುವ ತನಕ ಬಿಡಿಸುವುದು ಕ್ರಮವಲ್ಲ’ ಎಂಬ ಇಲ್ಲದ ನಿಯಮವೊಂದನ್ನು ಹೇಳಿ ತಳ್ಳಿದೆ. ನಿಯಮವೆಂದ ಕೂಡಲೇ ಏಜೆಂಟರು ಒಪ್ಪಿದರು.

ನಾಲ್ಕನೆಯ ವಾರ, ಶಿವಮೊಗ್ಗದಿಂದ ಸಾಹುಕಾರರೇ ಮೋಟಾರಿನಲ್ಲಿ ಬಂದಿಳಿದರು. ಕೈಯಲ್ಲಿ ಕಚೇರಿಯ ಕಾಗದವಿತ್ತು. ಇನ್ನೊಂದು ಕೈಯಲ್ಲಿ ಸೇವಂತಿಗೆ ಹಾರವಿತ್ತು.

ಅಂಥ ಹಾರವನ್ನು ಯಾರಿಗೆ ಹಾಕುವರೆಂದು ನಾವೆಲ್ಲ ಬೆರಗಾಗಿ ನೋಡುತ್ತಿದ್ದ ಹಾಗೆಯೇ ಅವರು ಅದನ್ನು ಏಜೆಂಟರ ಕೊರಳಿಗೆ ಹಾಕಿದರು. ಕಾಗದದಲ್ಲಿದ್ದದ್ದು ಇಷ್ಟು: ತಮ್ಮ ತಪ್ಪನ್ನು ತಾವೇ ಮುಚ್ಚುಮರೆಯಿಲ್ಲದೆ ತಿಳಿಸಿದ ಏಜೆಂಟರ ನಿಷ್ಕಪಟತೆ ಅಪರೂಪವಾದದ್ದು; ಕೊಕ್ಕೆ ಸರಳುಗಳನ್ನು ಒಡನೆಯೇ ಒದಗಿಸತಕ್ಕದ್ದು; ಅಪ್ಪಣೆಯಂತೆ ನಡೆದು ಅಂಗವಿಕಲನಾದ ಆಳಿಗೆ ಕೂತು ಮಾಡುವ ಕೆಲಸ ಕೊಟ್ಟು ವರದಿ ಮಾಡತಕ್ಕದ್ದು.

“ನೋಡಿ, ಶಿವಮೊಗ್ಗದಲ್ಲಿ ದೊಡ್ಡ ದೊಡ್ಡೋರ ಮುಂದೆ ನನ್ನ ಗೋದಾಮಿನ ಮರ್ಯಾದೆ ಉಳಿಸಿದ್ರಿ” ಎಂದು ಸಾಹುಕಾರರು ಗದ್ಗದಿತರಾದರು.

ಏಜೆಂಟರು ಕಾಗದವನ್ನು ಓದಿದರು. ಬಹುಶಃ ಆ ಕುರ್ಚಿಯಲ್ಲಿ ಕೂತು ಅವರು ಪೂರ್ತಿಯಾಗಿ ಓದಿದ ಮೊದಲನೆಯ ಕಾಗದ. ಮುಖ ಸುಣ್ಣದ ಹಾಗಾಯಿತು. ನನ್ನ ಕಡೆ ನೋಡಿದರು. ಓದದೆ ಸಹಿ ಹಾಕಿದೆನೆಂದು ಸಾಹುಕಾರರ ಎದುರಿಗೆ ಹೇಳುವಂತಿಲ್ಲ. ಬರೆದದ್ದು ನಾನಲ್ಲವೆಂದರೆ ಹಾರವನ್ನು ತೆಗೆಯಬೇಕು. ಅವರು ಹಾರವನ್ನು ಸರಿಮಾಡಿಕೊಂಡು, “ಸತ್ಯಕ್ಕಿಂತ ದೊಡ್ಡದು ಏನಿದೆ ಸಾಹುಕಾರ್ರೇ” ಎಂದರು.

ಸಾಹುಕಾರರ ಮೋಟಾರು ಮರೆಯಾದ ಮೇಲೆ ನನ್ನನ್ನು ಕರೆದರು.

“ನೀನು ಬರೆದದ್ದಾ?”

“ಸಹಿ ತಮ್ಮದೇ ಇದೆ ಸ್ವಾಮಿ” ಎಂದೆ. ನನ್ನ ಜೀವನದಲ್ಲಿ ನಾನು ಆಡಿದ ಒಂದೇ ಒಂದು ಗಟ್ಟಿ ಮಾತು ಅದು. ಅದನ್ನೂ ನೆಲ ನೋಡಿಕೊಂಡು ಆಡಿದೆ.

ನನ್ನನ್ನು ಕೆಲಸದಿಂದ ತೆಗೆಯಲು ಅವರಿಗೆ ಕಾರಣ ಸಿಗಲಿಲ್ಲ. ಅಂದಿನಿಂದ ಪೊರಕೆಯ ಬಿಲ್ಲನ್ನೂ ಅಕ್ಷರ ಅಕ್ಷರವಾಗಿ ಓದತೊಡಗಿದರು. ಮುಂದೆ ಅವರ ‘ನಿಷ್ಕಪಟತೆ’ಯ ಕೀರ್ತಿ ಹಬ್ಬಿ, ಆಳುಗಳ ಕ್ಷೇಮದ ಬಗ್ಗೆ ಎರಡು ಕಡೆ ಭಾಷಣವನ್ನೂ ಮಾಡಿದರೆಂದು ಕೇಳಿದೆ. ಅಲ್ಲಿ ಚಪ್ಪಾಳೆ ತಟ್ಟಿದವರಿಗೆ ನನ್ನ ಅನುಕಂಪವಿದೆ.

ಹೊಳಲೂರಿನವನು ಊರುಗೋಲಿನೊಂದಿಗೆ ಬಂದು ಗೇಟಿನ ಕಾವಲಿಗೆ ಕೂತ. ಕೋಣೆ ಉಳಿಯಿತು. ಮೊದಲ ದಿನ ಮಧ್ಯಾಹ್ನ ಹೆಂಡತಿ ಅವನಿಗೆ ಮುದ್ದೆ ಸಾರು ತಂದುಕೊಟ್ಟು ಪಕ್ಕದಲ್ಲೇ ಕೂತಿದ್ದಳು. ನಾನು ಹತ್ತಿರ ಹೋದೆ. ಧನ್ಯವಾದದ ಮಾತು ಬರಬಹುದೆಂಬ ಆಸೆ ನನ್ನಲ್ಲಿ ಇದ್ದೇ ಇತ್ತು.

“ಏನ್ ಬರ್ದಿರಿ ಸ್ವಾಮಿ? ಒಂಚೂರು ಓದಿ ಹೇಳಿ” ಎಂದ.

ಕೆಡಿಸಿದ ಹಾಳೆಯೊಂದು ನನ್ನ ಜೇಬಿನಲ್ಲೇ ಇತ್ತು. ಓದಿದೆ: ‘ಬೆಣೆ ಎಳೆಯುವ ಕೊಕ್ಕೆ ಸರಳು ಎರಡು ವರ್ಷದಿಂದ ಇರುವುದಿಲ್ಲ. ಆದುದರಿಂದ ಆಳುಗಳು ಪೈಪಿನ ಎದುರಿಗೆ ನಿಂತು ಬೆಣೆಯನ್ನು ಕಾಲಿನಿಂದ ಒದೆಯುತ್ತಾರೆ. ಹಗ್ಗ ಜಾರಿದ್ದನ್ನು ಕಂಡ ಮೇಸ್ತ್ರಿಯು ಬೇಡವೆಂಬ ಅರ್ಥದಲ್ಲಿ ತೆಲುಗಿನಲ್ಲಿ ಒದ್ದು ಎಂದು ಕೂಗಲು, ಸದರಿ ಆಳು ಅದನ್ನು ಕನ್ನಡವೆಂದು ತಿಳಿದು, ಅಪ್ಪಣೆಯಂತೆ ಒದ್ದಿರುತ್ತಾನೆ. ಕಚೇರಿಯಲ್ಲಿ ಕೂತಿದ್ದ ಗುಮಾಸ್ತನಿಗೂ ಅದು ಕನ್ನಡವಾಗಿಯೇ ಕೇಳಿಸಿತು.’

ಅವನು ತುತ್ತು ನುಂಗಿ, ಮುಂದೆ ಏನಾದರೂ ಇದೆಯೇ ಎಂದು ಕಾದ.

“ಅಷ್ಟೇನಾ?”

“ಅಷ್ಟೆ.”

“ಇಷ್ಟು ಬರೆಯಕ್ಕೆ ಒಂಬತ್ತು ದಿನ ಬೇಕಾಯ್ತಾ ಸ್ವಾಮಿ?”

ಅವನು ಅಣಕಿಸಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. ಹೆಂಡತಿ ನನ್ನ ಮುಖ ನೋಡದೆ ಅವನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು. ಅಷ್ಟರಲ್ಲಿ ಹೊರಗೆ ಗಾಡಿಯವನು ಕೂಗಿದ. ಹೊಳಲೂರಿನವನು ಎಡಗೈಯಲ್ಲಿ ಊರುಗೋಲು ಹಿಡಿದು ಎದ್ದು, ಗೇಟು ತೆರೆಯಲು ಹೋದ.

ಮೇಲ್ಕಂಡ ಸಂಗತಿಗಳನ್ನು ನನಗೆ ತಿಳಿದ ಮಟ್ಟಿಗೆ ಬರೆದಿರುತ್ತೇನೆ. ಇದರಲ್ಲಿ ಅಕ್ಷರದ ತಪ್ಪು, ಒತ್ತಿನ ತಪ್ಪು, ವಾಕ್ಯದ ತಪ್ಪು ಯಾವುದು ಕಂಡರೂ, ನನ್ನ ವಯಸ್ಸಿಗೆ ದಾಕ್ಷಿಣ್ಯ ಪಡದೆ, ಕೆಂಪು ಮಸಿಯಲ್ಲೇ ಆಗಲಿ, ಮಹನೀಯರು ತಿದ್ದಬೇಕಾಗಿ ಬೇಡುತ್ತೇನೆ.